ಇತಿಹಾಸ ಸಂಶೋಧಕರನ್ನು ಬರಿಗೈಯಲ್ಲಿ ಪತ್ರಾಗಾರಕ್ಕೆ ಕಳಿಸಬೇಡಿ

ಸಂಪಾದಕರಿಗೆ,

ಇತಿಹಾಸದಲ್ಲಿ ಪಿಎಚ್‌.ಡಿ. ಮಾಡುವವರಿಗೆ ವಿಭಾಗದ ಆಸರೆ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಯಾವ ಹೊತ್ತಿಗೆ, ಯಾವ ರೂಪದಲ್ಲಿ ಬೇಕು ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಕೋರ್ಸ್‌ವರ್ಕ್ ಹೇಗೋ ಸಾಗುತ್ತದೆ. ತರಗತಿ ಇರುತ್ತದೆ, ಸಹಪಾಠಿಗಳಿರುತ್ತಾರೆ. ವಿದ್ಯಾರ್ಥಿ ಒಂಟಿಯಾಗುವುದು ಅದು ಮುಗಿದು ಪತ್ರಾಗಾರದ ಬಾಗಿಲಿಗೆ ಹೋದಾಗ.

ಹೊರಡುವ ಮುಂಚೆ ಮಾರ್ಗದರ್ಶಕರು ಜೊತೆಗೆ ಕೂತು ಕ್ಯಾಟಲಾಗ್ ನೋಡಬೇಕು. ಯಾವ ಇಲಾಖೆಯ, ಯಾವ ವರ್ಷಗಳ ಕಡತ ಎಂಬ ಪಟ್ಟಿ ವಿದ್ಯಾರ್ಥಿಯ ಕೈಯಲ್ಲಿರಬೇಕು. ಸರ್ಕಾರಿ ದಾಖಲೆಗಳನ್ನು ಹಲವು ದೇಶಗಳಲ್ಲಿ 20 ಅಥವಾ 30 ವರ್ಷ ತೆರೆಯುವುದೇ ಇಲ್ಲ. ಇದನ್ನು ಪ್ರಸ್ತಾವ ಬರೆಯುವಾಗಲೇ ಗಮನಿಸದಿದ್ದರೆ ಅರ್ಧ ವಿಷಯವೇ ಕೈತಪ್ಪುತ್ತದೆ. ಪರಿಚಯಪತ್ರವಿಲ್ಲದೆ ಕೆಲವೆಡೆ ಒಳಗೇ ಬಿಡುವುದಿಲ್ಲ. ಕೇಳಿದ ಕಡತ ಅದೇ ದಿನ ಮೇಜಿಗೆ ಬರುತ್ತದೆಂಬ ಖಾತರಿಯೂ ಇಲ್ಲ, ವಾಸ್ತವ್ಯ ಲಂಬಿಸುತ್ತದೆ. ಹಾಗಾಗಿ ಪ್ರವಾಸದ ಹಣ ಮುಂಗಡವಾಗಿಯೇ ಕೈಸೇರಬೇಕು. ಬಿಲ್ ಕೊಟ್ಟ ಮೇಲೆ ಬರುವ ಹಣ ಸಾಲ ಹುಟ್ಟುವವರಿಗಷ್ಟೇ ನೆರವಾದೀತು.

ಫೋಟೊಗಳದು ಇನ್ನೊಂದು ಎಡವಟ್ಟು. ಮೊಬೈಲಿನಲ್ಲಿ ಸಾವಿರಾರು ಪುಟ ತೆಗೆದು ತರುತ್ತಾರೆ. ಬರೆಯಲು ಕೂತಾಗ ಯಾವ ಪುಟ ಯಾವ ಕಡತದ್ದೆಂದು ತಿಳಿಯದು. ಅಡಿಟಿಪ್ಪಣಿ ಕೊಡಲಾಗದ ದಾಖಲೆ ಇದ್ದೂ ಇಲ್ಲದಂತೆ. ಪ್ರತಿ ಕಡತದ ಮೊದಲ ಚಿತ್ರ ಅದರ ಹೊದಿಕೆಯದ್ದಾಗಿರಲಿ, ಕಡತ ಸಂಖ್ಯೆ ಸ್ಪಷ್ಟವಾಗಿ ಕಾಣಲಿ. ಅಂದು ಸಂಜೆಯೇ ಕಡತಕ್ಕೊಂದು ಫೋಲ್ಡರ್ ಮಾಡಿ, ಎರಡು ಕಡೆ ಪ್ರತಿ ಇಡಬೇಕು. ಚಿತ್ರ ಜೋಡಿಸಲು ಟ್ರೋಪಿ, ಗ್ರಂಥಸೂಚಿಗೆ ಜೊಟೆರೊ ಎಂಬ ಉಚಿತ ತಂತ್ರಾಂಶಗಳಿವೆ. ಎರಡೂ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರದಲ್ಲಿ ಹುಟ್ಟಿದವು. ಜೊಟೆರೊ ಬಂದದ್ದು 2006ರಲ್ಲಿ. ಕಲಿಸಲು ಒಂದು ಮಧ್ಯಾಹ್ನ ಸಾಕು. ಅಷ್ಟನ್ನೂ ವಿದ್ಯಾರ್ಥಿಯೇ ಹುಡುಕಿಕೊಳ್ಳಲಿ ಎಂದು ಬಿಡುವುದು ಸೋಮಾರಿತನ.

ಬರವಣಿಗೆಯ ಹಂತದಲ್ಲಿ ಕರಡು ತಿಂಗಳುಗಟ್ಟಲೆ ಮಾರ್ಗದರ್ಶಕರ ಬಳಿ ಕೊಳೆಯುವುದೇ ದೊಡ್ಡ ಕಾಟ. ಮೂರು ವಾರದೊಳಗೆ ಲಿಖಿತ ಟಿಪ್ಪಣಿ ಎಂದು ಮೊದಲೇ ಒಪ್ಪಂದವಾಗಿರಲಿ. ಕಾಗುಣಿತ ತಿದ್ದಿ ಕೊಟ್ಟರೆ ಅದು ಟಿಪ್ಪಣಿಯಾಗದು. ಯಾವ ಆಕರ ಯಾವ ವಾದದ ಭಾರ ಹೊರಲಾರದು ಎಂದು ತೋರಿಸಬೇಕು. ಇದಕ್ಕೆ ಹಳೆಯ ದಾರಿಯೂ ಇದೆ. 19ನೇ ಶತಮಾನದಲ್ಲಿ ಬರ್ಲಿನ್‌ನಲ್ಲಿ ಜರ್ಮನ್ ಇತಿಹಾಸಕಾರ ರಾಂಕೆ ವಿದ್ಯಾರ್ಥಿಗಳನ್ನು ಸುತ್ತ ಕೂರಿಸಿಕೊಂಡು ಆಕರಗಳನ್ನು ಒರೆಗೆ ಹಚ್ಚುತ್ತಿದ್ದ ಸೆಮಿನಾರ್ ಪದ್ಧತಿ ಇಂದಿಗೂ ಸವೆದಿಲ್ಲ. ತಿಂಗಳಿಗೊಂದು ಅಧ್ಯಾಯ, 25 ಪುಟ ಮೀರದಂತೆ, ವಾರ ಮುಂಚೆ ಎಲ್ಲರಿಗೂ ಹಂಚಬೇಕು. ಸಭೆಯಲ್ಲಿ ಬರೆದವರು ಅದನ್ನೇ ಓದುತ್ತಾ ಕೂರಬಾರದು. ಬೇರೆ ಕಾಲಘಟ್ಟದವರು ಮೊದಲು ಮಾತಾಡಲಿ: ಶಾಸನ ಓದುವವರಿಗೆ ಕಾರ್ಮಿಕ ಚಳವಳಿಯ ಅಧ್ಯಾಯ ಅರ್ಥವಾಗದಿದ್ದರೆ ದೋಷ ಬಹುಪಾಲು ಅಧ್ಯಾಯದ್ದೇ.

ಮಾರ್ಗದರ್ಶಕರು ನಿವೃತ್ತರಾಗುತ್ತಾರೆ, ಬೇರೆಡೆಗೆ ಹೋಗುತ್ತಾರೆ. ಎರಡನೆಯ ಓದುಗರೊಬ್ಬರ ಹೆಸರು ಮೊದಲ ವರ್ಷದಲ್ಲೇ ಕಾಗದದ ಮೇಲೆ ಬರಲಿ, ಪ್ರತಿ ಅಧ್ಯಾಯದ ಪ್ರತಿ ಅವರಿಗೂ ಹೋಗಲಿ.

– ಇತಿಹಾಸ ಸಂಶೋಧನಾ ಮಾರ್ಗದರ್ಶಕರು