ಆ ಕೆಂಪು ಕಾರು, ಈ ನೀಲಿ ಕಾರು

ಹಾಸನ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನೀನು ತಗೋಬೇಕು ಅಂತ ನೋಡಿಟ್ಟ ಎರಡು ಹಳೇ ಓಪನ್ ಕಾರಿನ ಫೋಟೋಗಳನ್ನು ಬೆಳಿಗ್ಗೆಯಿಂದ ನೋಡುತ್ತಲೇ ಇದ್ದೇನೆ. ಗ್ಯಾರೇಜಿಗೆ ರಜೆ, ಹೊರಗೆ ಬಿಡದೆ ಸೋನೆ ಮಳೆ. ಅಮ್ಮ ಎರಡು ಸಲ ಊಟಕ್ಕೆ ಕರೆದಳು. ಫೋನಿನಲ್ಲಿ ಹೇಳಹೊರಟರೆ ನಾನು ಅರ್ಧ ಮರೆಯುತ್ತೇನೆ, ನೀನು ಇನ್ನರ್ಧಕ್ಕೆ "ಸರಿ ಅಪ್ಪ, ಸರಿ ಅಪ್ಪ" ಅಂತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಸುತ್ತಿ ಬಳಸಿ ಹೇಳುವುದಿಲ್ಲ. ನೀನು ಮಜ್ದಾ ಕಂಪನಿಯ ಆ ನೀಲಿ ಮಿಯಾಟಾ ತಗೋಬೇಕು ಅಂತ ನನ್ನ ಆಸೆ. ನಿನ್ನ ಮನಸ್ಸು ಮಾತ್ರ ಕೆಂಪು ಸೋಲ್ಸ್ಟಿಸ್ ಮೇಲಿದೆ. ಅದರ ಫೋಟೋ ಒಂಬತ್ತು ಕಳಿಸಿದ್ದೀಯ, ಮಿಯಾಟಾದ್ದು ಎರಡೇ. ಇದು ಅಪ್ಪನಿಗೆ ಗೊತ್ತಾಗದೆ ಇರುತ್ತಾ?

ಅದರ ಮೇಲೆ ಮನಸ್ಸು ಹೋದದ್ದು ತಪ್ಪಲ್ಲ ಪುಟ್ಟಿ. ನಿಜಕ್ಕೂ ಚಂದದ ಕಾರು. ಹಿಂದಿನ ಚಕ್ರದ ಮೇಲೆ ಆ ಉಬ್ಬು ಇದೆಯಲ್ಲ, ಸೀಟಿನ ಹಿಂದಿನಿಂದ ಬಾಲದವರೆಗೆ ಇಳಿದು ಬರುವ ಎರಡು ದಿಣ್ಣೆ ಇವೆಯಲ್ಲ, ಮೂವತ್ತು ವರ್ಷ ಟಿಂಕರಿಂಗ್ ಕೆಲಸ ನೋಡಿದ ನನಗೆ ಅದನ್ನು ಕೈಯಿಂದ ಸವರಬೇಕು ಅನ್ನಿಸಿತು. ಅದರ ಮಾದರಿ ಕಾರನ್ನು ಜನರಲ್ ಮೋಟಾರ್ಸ್‌ನವರು 2002ರಲ್ಲಿ ನಿಮ್ಮ ಡೆಟ್ರಾಯಿಟ್ ಕಾರು ಪ್ರದರ್ಶನದಲ್ಲೇ ಮೊದಲು ತೋರಿಸಿದ್ದು. ಬಾಬ್ ಲಟ್ಜ್ ಅನ್ನುವವರು ಆಗಷ್ಟೇ ಆ ಕಂಪನಿ ಸೇರಿದ್ದರು. ಅವರು ಹಟ ಹಿಡಿದು ಮಾಡಿಸಿದ ಕಾರು ಇದು. ಅದರ ವಿನ್ಯಾಸದ ಗೆರೆ ಎಳೆದವರು ಫ್ರಾಂಜ್ ಫಾನ್ ಹೋಲ್ಜ್‌ಹೌಸೆನ್. ಬೆಲೆಯನ್ನು 20 ಸಾವಿರ ಡಾಲರಿನ ಒಳಗೇ ಇಟ್ಟರು. 2005ರಲ್ಲಿ ಒಂದು ಟಿವಿ ಕಾರ್ಯಕ್ರಮದಲ್ಲಿ ತೋರಿಸಿ ಬುಕಿಂಗ್ ತೆರೆದರೆ ಮೊದಲ 1000 ಕಾರು 41 ನಿಮಿಷದಲ್ಲಿ ಖಾಲಿ. ಅಷ್ಟು ಜನ ನಿನ್ನ ಹಾಗೇ ಅದನ್ನು ಮೆಚ್ಚಿದ್ದರು.

ಆದರೆ ಅದರ ಕತೆ ಬೇಗ ಮುಗಿಯಿತು. 2009ರಲ್ಲಿ ಜನರಲ್ ಮೋಟಾರ್ಸ್ ದಿವಾಳಿಗೆ ಬಂತು, ಸೋಲ್ಸ್ಟಿಸ್ ಮಾರುತ್ತಿದ್ದ ಪಾಂಟಿಯಾಕ್ ಅನ್ನುವ ಹೆಸರನ್ನೇ ಮುಚ್ಚುತ್ತೇವೆ ಅಂದರು. ಆ ವರ್ಷದ ಜುಲೈನಲ್ಲಿ ಸೋಲ್ಸ್ಟಿಸ್ ತಯಾರಾಗುತ್ತಿದ್ದ ವಿಲ್ಮಿಂಗ್ಟನ್ ಕಾರ್ಖಾನೆಗೆ ಬೀಗ ಬಿತ್ತು. ಒಟ್ಟು ಹೊರಬಂದದ್ದು 65 ಸಾವಿರದ ಆಸುಪಾಸು. ಮಿಯಾಟಾ ಶುರುವಾದದ್ದು 1989ರಲ್ಲಿ. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷನೆಯ ಕಾರು ಹೊರಬಂತು, ಅದಾದ ಮೇಲೂ ಮಾಡುತ್ತಲೇ ಇದ್ದಾರೆ.

ನನಗೆ ಮುಖ್ಯ ಅನ್ನಿಸುವುದು ಇದೇ. ಯಾಕೆ ಅಂತ ನಿನಗೆ ಗೊತ್ತಿರಬೇಕು. ಬಿಳಿ ಕಾರಿನ ಮೇಷ್ಟ್ರು ನೆನಪಿದ್ದಾರಾ? ರಿಟೈರ್ ಆದ ದುಡ್ಡಲ್ಲಿ ಕಾರು ತಗೊಂಡಿದ್ದರು. ಒಳ್ಳೇ ಕಾರು, ಒಳ್ಳೇ ಇಂಜಿನ್. ಎರಡೇ ವರ್ಷಕ್ಕೆ ಆ ಕಂಪನಿ ನಮ್ಮ ದೇಶದಿಂದ ಗಂಟು ಮೂಟೆ ಕಟ್ಟಿತು. ಆಮೇಲೆ ಆಲೂರಿನ ಹತ್ತಿರ ಒಂದು ಎಮ್ಮೆ ಅಡ್ಡ ಬಂದು ಮುಂದಿನ ಎಡಗಡೆ ಹೆಡ್‌ಲೈಟ್ ಒಡೆಯಿತು. ಒಂದು ಹೆಡ್‌ಲೈಟ್, ಅಷ್ಟೇ. ಐದು ತಿಂಗಳು ಹುಡುಕಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೊಂದೇ ಅಂಗಡಿ ಹತ್ತಿ ಇಳಿದೆ. ಕೊನೆಗೆ ಸಿಕ್ಕಿದ್ದು ಗುಜರಿಯಲ್ಲಿ, ಅದೂ ಬಲಗಡೆಯದು. ಮೇಷ್ಟ್ರು ಪ್ರತಿ ಶನಿವಾರ ಗ್ಯಾರೇಜಿಗೆ ಬಂದು ಕಾರಿನ ಪಕ್ಕ ಸುಮ್ನೆ ನಿಂತು ಹೋಗುತ್ತಿದ್ದರು. ಬೈದಿದ್ದರೆ ಸಮಾಧಾನ ಆಗುತ್ತಿತ್ತು. ಅವರು ಒಂದು ದಿನವೂ ಬೈಯಲಿಲ್ಲ.

ಸೋಲ್ಸ್ಟಿಸ್ ಇಂಜಿನ್ ಬಗ್ಗೆ ನನಗೆ ಭಯವಿಲ್ಲ. 2.4 ಲೀಟರಿನ ಆ ಇಂಜಿನ್ನಿನ ವಂಶದವು ಅದೇ ಕಂಪನಿಯ ಬೇರೆ ಎಷ್ಟೋ ಕಾರಿನಲ್ಲಿ ಕೂತಿವೆ. ಗೇರ್ ಬಾಕ್ಸ್ ಅವರ ಸಣ್ಣ ಪಿಕಪ್ ಗಾಡಿಯಲ್ಲಿ ಇದ್ದದ್ದೇ. ಅಲ್ಲಿಯ ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸುತ್ತಾನೆ. ಭಯ ಇರುವುದು ಮೇಲಿನ ತಗಡಿಗೆ. ಹೆಡ್‌ಲೈಟ್, ಬಂಪರ್, ಆ ಚಂದದ ಹಿಂಬದಿ ಮುಚ್ಚಳ, ಇವು ಆ ಕಾರಿಗೆ ಬಿಟ್ಟು ಬೇರೆ ಯಾವುದಕ್ಕೂ ಬರುವುದಿಲ್ಲ. ಸಕಲೇಶಪುರದ ಕಡೆ ಆನೆ ಬಂದ ಹಾಗೆ ನಿಮ್ಮ ಮಿಷಿಗನ್‌ನಲ್ಲಿ ಸಂಜೆ ಹೊತ್ತು ಜಿಂಕೆ ರಸ್ತೆಗೆ ಬರುತ್ತವೆ ಅಂತ ನೀನೇ ಹೇಳಿದ್ದೆ. ಒಂದು ಜಿಂಕೆ ಸಾಕು ಪುಟ್ಟಿ. ನೀನೂ ಆ ಮೇಷ್ಟ್ರ ಹಾಗೆ ಕಾರಿನ ಪಕ್ಕ ನಿಲ್ಲುವುದು ನನಗೆ ಬೇಡ.

ಇನ್ನು ತೂಕ. ಇದನ್ನು ಕೈಬೆರಳಿನಲ್ಲಿ ಲೆಕ್ಕ ಹಾಕಬಹುದು. ಸೋಲ್ಸ್ಟಿಸ್ ಸುಮಾರು 1300 ಕೆಜಿ. ನೀನು ನೋಡಿದ 2008ರ ಮಿಯಾಟಾ 1120ರ ಹತ್ತಿರ. ಅಂದರೆ 50 ಕೆಜಿಯ ಮೂರೂವರೆ ಕಾಫಿ ಮೂಟೆ ಜಾಸ್ತಿ ಹೊತ್ತುಕೊಂಡು ಆ ಕೆಂಪು ಕಾರು ತಿರುವು ತಿರುಗಬೇಕು. ಶಕ್ತಿಯಲ್ಲಿ ಅಂಥ ವ್ಯತ್ಯಾಸ ಇಲ್ಲ. ಸೋಲ್ಸ್ಟಿಸ್ 177 ಅಶ್ವಶಕ್ತಿ, ಮಿಯಾಟಾ 170ಕ್ಕೆ ತುಸು ಕಡಿಮೆ. ಟರ್ಬೋ ಇರುವ ಸೋಲ್ಸ್ಟಿಸ್ 260ರವರೆಗೆ ಹೋಗುತ್ತೆ, ಆದರೆ ನೀನು ನೋಡಿರುವುದು ಅದಲ್ಲ. ನೇರ ರಸ್ತೆಯಲ್ಲಿ ಎರಡೂ ಒಂದೇ. ತಿರುವಿನಲ್ಲಿ ಗೊತ್ತಾಗುತ್ತೆ.

ನೀನು ಡ್ರೈವಿಂಗ್ ಕಲಿತ ಜೀಪು ನೆನಪು ಮಾಡಿಕೋ. ಎಸ್ಟೇಟಿನವರು ರಿಪೇರಿಗೆ ಬಿಟ್ಟಿದ್ದ ಆ ಎಡಗಡೆ ಸ್ಟೇರಿಂಗಿನ ಹಳೇ ಜೀಪು. ಟಾರ್ಪಾಲು ಬಿಚ್ಚಿ, ಮುಂದಿನ ಗಾಜು ಬಾನೆಟ್ ಮೇಲೆ ಮಲಗಿಸಿ, ತೋಟದ ದಾರಿಯಲ್ಲಿ ಹೋಗಿದ್ದೆವು. ನಿನಗೆ ಆಗ ಹದಿನೆಂಟು. ಕಾಫಿ ಹೂವು ಬಿಟ್ಟ ವಾರ ಅದು. ಹೂವಿನ ವಾಸನೆ, ಸುಟ್ಟ ಕ್ಲಚ್ಚಿನ ವಾಸನೆ ಎರಡೂ ಒಟ್ಟಿಗೆ ಬರುತ್ತಿತ್ತು. ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ನೀನು ಕಿರುಚಿದ ಖುಷಿ ನನಗೆ ಇನ್ನೂ ಕಿವಿಯಲ್ಲಿದೆ. ಗಾಡಿ ಬಯಲಾಗಿದ್ದರೆ ಸಾಕು, ಜೋರಾಗಿ ಹೋಗಬೇಕಾಗಿಲ್ಲ ಅಂತ ಅವತ್ತೇ ನಿನಗೆ ಗೊತ್ತಾಗಿದೆ.

ಮಿಯಾಟಾ ಹುಟ್ಟಿದ್ದೂ ಇಂಥ ಖುಷಿಯಿಂದಲೇ. 1979ರಲ್ಲಿ ಬಾಬ್ ಹಾಲ್ ಅನ್ನುವ ಅಮೆರಿಕದ ಪತ್ರಕರ್ತ ಮಜ್ದಾ ಕಂಪನಿಯ ಕೆನಿಚಿ ಯಮಮೊಟೊ ಅವರ ಹತ್ತಿರ ಹೇಳಿದನಂತೆ, ಹಿಂದೆ ಬ್ರಿಟಿಷರು ಮಾಡುತ್ತಿದ್ದರಲ್ಲ, ಅಂಥ ಹಗುರವಾದ, ಕಡಿಮೆ ಬೆಲೆಯ ಓಪನ್ ಕಾರು ಮತ್ತೆ ಯಾರಾದರೂ ಮಾಡಬೇಕು ಅಂತ. ಆಮೇಲೆ ಯಮಮೊಟೊ ಜಪಾನಿನ ಹಕೋನೆ ಬೆಟ್ಟದ ದಾರಿಯಲ್ಲಿ ಒಂದು ಟ್ರಯಂಫ್ ಸ್ಪಿಟ್‌ಫೈರ್ ಓಡಿಸಿದರು. ಬೆಟ್ಟ ಇಳಿಯುವ ಹೊತ್ತಿಗೆ ಅವರಿಗೂ ಹುಚ್ಚು ಹತ್ತಿತ್ತು. ಇದನ್ನು ಓದುವಾಗ ನನಗೆ ನಮ್ಮ ಬಿಸಿಲೆ ಘಾಟಿಯೇ ಕಣ್ಣಿಗೆ ಬಂತು. ಕುದುರೆ ಮತ್ತು ಸವಾರ ಒಂದೇ ಜೀವ ಆಗಿರಬೇಕು ಅನ್ನುವ ಅರ್ಥದ ಒಂದು ಜಪಾನಿ ಮಾತು ಇದೆ, ಜಿಂಬಾ ಇತ್ತಾಯಿ ಅಂತ. ಅದನ್ನು ಹಿಡಿದುಕೊಂಡೇ ಕಾರು ಮಾಡಿದರು. ಗೇರ್ ಬಾಕ್ಸನ್ನೂ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲನ್ನೂ ಒಂದು ಉದ್ದದ ಅಲ್ಯೂಮಿನಿಯಂ ಚೌಕಟ್ಟು ಹಾಕಿ ಬಿಗಿದಿದ್ದಾರೆ. ಆಕ್ಸಿಲರೇಟರ್ ಒತ್ತಿದರೆ ಮಧ್ಯೆ ಏನೂ ಅಲ್ಲಾಡುವುದಿಲ್ಲ, ಕಾಲಿನಿಂದ ಚಕ್ರಕ್ಕೆ ನೇರ. ಇದು ಯಾವ ಫೋಟೋದಲ್ಲೂ ಕಾಣುವುದಿಲ್ಲ. ನೀನು ಓಡಿಸಿ ನೋಡಬೇಕು, ಎರಡನ್ನೂ ಒಂದೇ ದಿನ, ಒಂದೇ ರಸ್ತೆಯಲ್ಲಿ.

ಟಾಪ್ ತೆಗೆದು ಹಾಕುವುದನ್ನೂ ನೀನೇ ಮಾಡಿ ನೋಡು. ಮಾರುವವರ ಕೈಯಲ್ಲಿ ಮಾಡಿಸಬೇಡ. ಸೋಲ್ಸ್ಟಿಸ್‌ನಲ್ಲಿ ಕೆಳಗೆ ಇಳಿಯಬೇಕು, ಹಿಂದಿನ ದೊಡ್ಡ ಮುಚ್ಚಳ ಎತ್ತಬೇಕು, ಟಾಪನ್ನು ಒಳಗೆ ಮಡಚಬೇಕು, ಮತ್ತೆ ಮುಚ್ಚಬೇಕು. ಒಳಗೆ ಮಡಚಿದ ಮೇಲೆ ಡಿಕ್ಕಿಯಲ್ಲಿ ಜಾಗವೇ ಉಳಿಯುವುದಿಲ್ಲ, ಮಧ್ಯೆ ಪೆಟ್ರೋಲ್ ಟ್ಯಾಂಕಿನ ದಿಣ್ಣೆ ಬೇರೆ. ಮಿಯಾಟಾದ ಬಟ್ಟೆ ಟಾಪಿಗೆ ನಡುವೆ ಒಂದೇ ಕೊಂಡಿ. ಬಿಚ್ಚಿ, ಸೀಟಿನಲ್ಲಿ ಕೂತೇ ಹಿಂದಕ್ಕೆ ತಳ್ಳಬಹುದು. ಮಳೆ ಹನಿ ಬಿದ್ದರೆ ಸಿಗ್ನಲ್ಲಿನಲ್ಲಿ ನಿಂತಾಗಲೇ ಎಳೆದುಕೊಳ್ಳಬಹುದು. ಸಕಲೇಶಪುರದ ಮಳೆ ನೋಡಿ ಬೆಳೆದವಳಿಗೆ ಇದರ ಬೆಲೆ ಹೇಳಬೇಕಾಗಿಲ್ಲ ಅಲ್ವಾ?

ಈಗ ಮಿಯಾಟಾದ ಕೆಟ್ಟದ್ದನ್ನೂ ಹೇಳಬೇಕು. ಸೋಲ್ಸ್ಟಿಸ್ ಇಟ್ಟುಕೊಂಡ ಅಜ್ಜ ಅದನ್ನು ಬೇಸಿಗೆಯಲ್ಲಿ ಮಾತ್ರ ಹೊರಗೆ ತೆಗೆಯುತ್ತಿದ್ದರು ಅಂದೆ. ಈ ಮಿಯಾಟಾ ಎರಡು ಕೈ ಬದಲಾಗಿದೆ, ಚಳಿಗಾಲದಲ್ಲೂ ಓಡಿದೆ. ಅಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಉಪ್ಪು ಏನು ಮಾಡುತ್ತೆ ಅಂತ ನೀನು ಕಣ್ಣಾರೆ ನೋಡಿದ್ದೀಯ. ಮಂಗಳೂರಿನಿಂದ ಮೀನು ತರುವ ಲಾರಿ ನಮ್ಮ ಪಿಟ್ ಮೇಲೆ ನಿಂತಿತ್ತು. ನಿನಗೆ ಹತ್ತೋ ಹನ್ನೊಂದೋ ವರ್ಷ, ಟಾರ್ಚ್ ಹಿಡಿದು ನನ್ನ ಪಕ್ಕ ಇದ್ದೆ. ಮೇಲಿಂದ ಬಣ್ಣ ಹೊಸದು, ಪಳಪಳ ಅನ್ನುತ್ತಿತ್ತು. ಐಸ್ ಕರಗಿದ ಉಪ್ಪು ನೀರು ವರ್ಷಗಟ್ಟಲೆ ಒಂದೇ ಕಡೆ ತೊಟ್ಟಿಕ್ಕಿತ್ತು. ನಾನು ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿದೆ. ಠಣ್ ಅನ್ನಬೇಕಾದ ಜಾಗದಲ್ಲಿ ಡಬ್ ಅಂತು. ತುದಿಯಿಂದ ಒತ್ತಿದರೆ ಹಪ್ಪಳದ ಹಾಗೆ ಒಳಗೆ ಹೋಯಿತು. ತುಕ್ಕು ನಿನ್ನ ಮುಖದ ಮೇಲೆ ಉದುರಿತು. ಕಣ್ಣು ಮುಚ್ಚಿಕೊಂಡೇ ಟಾರ್ಚ್ ಮಾತ್ರ ಅಲ್ಲಾಡಿಸದೆ ಹಿಡಿದಿದ್ದೆ ನೀನು.

ಹಾಗೇ ನೋಡಬೇಕು. ಕಾರನ್ನು ಲಿಫ್ಟ್ ಮೇಲೆ ಎತ್ತಿಸು. ಬಾಗಿಲ ಕೆಳಗಿನ ಪಟ್ಟಿ ಇದೆಯಲ್ಲ, ಅದರಲ್ಲೂ ಹಿಂದಿನ ಚಕ್ರದ ಹತ್ತಿರ, ಕುಟ್ಟಿ ನೋಡು. ಶಬ್ದ ಕೇಳು. ಹೊಸದಾಗಿ ಕಪ್ಪು ಬಣ್ಣ ದಪ್ಪಗೆ ಬಳಿದಿದ್ದರೆ ಯಾಕೆ ಅಂತ ಕೇಳು. ಸೀಟಿನ ಹಿಂದೆ ಎರಡೂ ಮೂಲೆಯಲ್ಲಿ, ಟಾಪಿನಿಂದ ಇಳಿದ ನೀರು ಹೊರಗೆ ಹೋಗಲು ತೂತುಗಳಿವೆ. ಎಲೆ ಕಸ ಸೇರಿ ಅವು ಕಟ್ಟಿಕೊಂಡರೆ ನೀರೆಲ್ಲ ಒಳಗೆ ಬರುತ್ತೆ. ತೋಟದವರ ಗಾಡಿಯಲ್ಲಿ ಸಿಲ್ವರ್ ಓಕ್ ಎಲೆ ಕೊಳೆತು ಚಹಾ ಚರಟದ ಹಾಗೆ ಕೂತಿರುತ್ತಿತ್ತಲ್ಲ, ಅದೇ ರೋಗ. ಸೀಟಿನ ಹಿಂದಿನ ಮ್ಯಾಟ್ ಅಡಿಗೆ ಕೈ ಹಾಕು. ತಣ್ಣಗೆ ಒದ್ದೆ ತಾಗಿದರೆ ಅಥವಾ ಮುಗ್ಗಲು ವಾಸನೆ ಬಂದರೆ ಆ ಕಾರು ಬೇಡ.

ಬೇಡ ಅಂದರೆ ಸೋಲ್ಸ್ಟಿಸ್ ತಗೋ ಅಂತ ಅಲ್ಲ. ಇನ್ನೊಂದು ಮಿಯಾಟಾ ಹುಡುಕು ಅಂತ. ಅಷ್ಟು ಕಾರು ಮಾಡಿದ್ದಾರೆ, ಉಪ್ಪು ಹಾಕದ ದಕ್ಷಿಣದ ರಾಜ್ಯಗಳಲ್ಲಿ ಓಡಿದ್ದು ಸಿಕ್ಕೇ ಸಿಗುತ್ತೆ. ಒಂದು ತಿಂಗಳು ತಡವಾದರೆ ಆಗಲಿ. ಚಳಿಗಾಲಕ್ಕೆ ನಿನ್ನ ಹಳೇ ಕಾರು ಹೇಗೂ ಇದೆ, ಅದನ್ನು ಮಾರಬೇಡ.

ಇನ್ನೊಂದು ವಿಷಯ. ಮಿಯಾಟಾದಲ್ಲಿ ಪಕ್ಕದ ಏರ್‌ಬ್ಯಾಗ್ ಇದೆ, ಸೋಲ್ಸ್ಟಿಸ್‌ನಲ್ಲಿ ಮುಂದೆ ಮಾತ್ರ. ಇದನ್ನು ನಾನು ಅಮ್ಮನಿಗೆ ಹೇಳಿಲ್ಲ, ಹೇಳಿದರೆ ಅವಳು ಎರಡೂ ಬೇಡ ಅಂತಾಳೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಇದೆಯಾ ಅಂತ ಕೇಳು. ಚಾಸಿಸ್ ನಂಬರ್ ಬರೆದುಕೋ, ಅಲ್ಲಿಯ ಸರ್ಕಾರದ ರಸ್ತೆ ಸುರಕ್ಷತೆ ಇಲಾಖೆಯ ತಾಣದಲ್ಲಿ ಹಾಕಿದರೆ ಕಂಪನಿ ಮಾಡಿಕೊಡಬೇಕಾದ ರಿಪೇರಿ ಬಾಕಿ ಇದೆಯಾ ಗೊತ್ತಾಗುತ್ತೆ.

ಅಮ್ಮನ ಪ್ರಶ್ನೆ ಒಂದೇ. "ಎರಡೇ ಸೀಟಾ? ನಾವಿಬ್ಬರೂ ಹೋದರೆ?" ಒಬ್ಬೊಬ್ಬರನ್ನೇ ಕರಕೊಂಡು ಹೋಗ್ತಾಳೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮೊದಲು ನಾನು" ಅಂದಳು.

ಇಷ್ಟೆಲ್ಲ ಹೇಳಿದ ಮೇಲೂ, ಎರಡನ್ನೂ ಓಡಿಸಿ ನೋಡಿ, ನಿನಗೆ ಕೆಂಪು ಕಾರೇ ಬೇಕು ಅನ್ನಿಸಿದರೆ ತಗೋ. ದುಡ್ಡು ನಿನ್ನದು, ದುಡಿದದ್ದು ನೀನು. ನಾನು ಮುಖ ಸಣ್ಣ ಮಾಡುವುದಿಲ್ಲ. ಆದರೆ ತಗೊಂಡ ವಾರವೇ ಒಂದು ಜೊತೆ ಹೆಡ್‌ಲೈಟ್ ಎಲ್ಲಿ ಸಿಕ್ಕರೂ ಕೊಂಡು ಮನೆಯಲ್ಲಿ ಇಟ್ಟುಕೋ. ಎಡಗಡೆಯದು, ಬಲಗಡೆಯದು, ಎರಡೂ.

ಶನಿವಾರ ನೋಡಲು ಹೋಗುತ್ತೀಯಲ್ಲ, ನಾವು ಬರುವವರೆಗೆ ಇಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿಡು. ಬಾನೆಟ್ ಮುಟ್ಟಿ ನೋಡು, ತಣ್ಣಗಿರಬೇಕು. ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡು. ಆಮೇಲೆ ನನಗೆ ಫೋನ್ ಮಾಡಿ, ಬಾನೆಟ್ ಎತ್ತಿ, ಫೋನನ್ನು ಇಂಜಿನ್ ಹತ್ತಿರ ಹಿಡಿದು ಸ್ಟಾರ್ಟ್ ಮಾಡಿಸು. ಮಾತಾಡಬೇಡ, ಒಂದು ನಿಮಿಷ ಹಾಗೇ ಹಿಡಿದಿರು. ನಿನಗೆ ಬೆಳಿಗ್ಗೆ ಹತ್ತು ಅಂದರೆ ನಮಗೆ ಸಂಜೆ ಏಳೂವರೆ. ಅಷ್ಟು ಹೊತ್ತಿಗೆ ಗ್ಯಾರೇಜಿನ ಶಟರ್ ಎಳೆದು ಒಳಗೇ ಕೂತಿರುತ್ತೇನೆ, ರಸ್ತೆಯ ಗಲಾಟೆ ಕೇಳಬಾರದಲ್ಲ.

ನಿನ್ನ
ಅಪ್ಪ