ಏರಿಯ ಹೊಟ್ಟೆಯೊಳಗೆ ಏನಿದೆ ಎಂದು ಮೊದಲು ನೋಡಿ

ಮಾನ್ಯರೇ,

ಹಿಮನದಿ ಕರಗಿದ ನೀರು ತುಂಬಿ, ಏರಿ ಒಡೆಯುವ ಭಯವಿರುವ ಹಿಮಾಲಯದ ಅಪಾಯಕಾರಿ ಸರೋವರಗಳ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಎರಡು ಚಿತ್ರ ಅಕ್ಕಪಕ್ಕ ಅಚ್ಚಾಗುತ್ತವೆ. ಒಂದು ಹಳೆಯ ಉಪಗ್ರಹ ಚಿತ್ರ, ಇನ್ನೊಂದು ಹೊಸದು. ಹೊಸದರಲ್ಲಿ ನೀಲಿ ಮಚ್ಚೆ ಹಿಗ್ಗಿರುತ್ತದೆ, ಕೆಳಗೆ ಎಷ್ಟು ಹೆಕ್ಟೇರ್ ಹಿಗ್ಗಿತು ಎಂಬ ಲೆಕ್ಕವಿರುತ್ತದೆ. ಆ ಲೆಕ್ಕ ಖಂಡಿತ ಬೇಕು. ಆದರೆ ಆ ನೀರನ್ನು ತಡೆದು ನಿಂತಿರುವ ಏರಿಯ ಬಗ್ಗೆ ಸುದ್ದಿಯಲ್ಲಿ ಒಂದು ಸಾಲೂ ಇರುವುದಿಲ್ಲ. ಅದಕ್ಕಾಗಿಯೇ ಈ ಪತ್ರ.

ನೆಲವನ್ನು ಅಗೆಯದೆಯೇ ಅದರ ಒಳಗನ್ನು ಅಳೆಯುವ ಭೂಭೌತ ಸರ್ವೆ ತಂಡಗಳಲ್ಲಿ ಕೇಬಲ್ ಎಳೆದು, ಎಲೆಕ್ಟ್ರೋಡ್ ಸರಳು ಹೊಡೆದು, ರೀಡಿಂಗ್ ಬರೆದುಕೊಂಡು ನಿವೃತ್ತನಾದ ತಂತ್ರಜ್ಞ ನಾನು. ವಿಜ್ಞಾನಿಯಲ್ಲ. ಆದರೂ ಸಮುದ್ರಮಟ್ಟದಿಂದ ಸುಮಾರು 5,000 ಮೀಟರ್ ಎತ್ತರದ ಅಂಥದ್ದೊಂದು ಏರಿಯ ಮೇಲೆ ಮೊಣಕಾಲೂರಿ ಕೆಲಸ ಮಾಡಿದ್ದೇನೆ. ಅಲ್ಲಿ ಕಂಡದ್ದನ್ನು ಹೇಳಬೇಕೆನಿಸಿದೆ.

ಈ ಏರಿಯನ್ನು ಮೊರೇನ್ ಎನ್ನುತ್ತಾರೆ. ಹಿಮನದಿ ಮುಂದೆ ಸರಿಯುವಾಗ ತಳ್ಳಿಕೊಂಡು ಬಂದ ಕಲ್ಲುಮಣ್ಣನ್ನು, ಹಿಂದೆ ಸರಿಯುವಾಗ ಅಲ್ಲೇ ಬಿಟ್ಟುಹೋಗಿರುತ್ತದೆ. ಅದನ್ನು ಯಾರೂ ಕಟ್ಟಿದ್ದಲ್ಲ, ದಮ್ಮಸ್ಸು ಮಾಡಿದ್ದೂ ಅಲ್ಲ. ಮನೆಯಷ್ಟು ದೊಡ್ಡ ಬಂಡೆಯ ಪಕ್ಕದಲ್ಲೇ ಹಿಟ್ಟಿನಂಥ ನುಣುಪು ಪುಡಿ ಇರುತ್ತದೆ. ಕೆಲವು ಕಡೆ ಹಳೆಯ ಹಿಮನದಿಯ ತುಂಡುಗಳು ಕಲ್ಲುಮಣ್ಣಿನ ಅಡಿಯಲ್ಲಿ ಹೂತು ಹಾಗೇ ಉಳಿದಿರುತ್ತವೆ. ಮಂಜುಗಡ್ಡೆ ಇರುವಷ್ಟು ದಿನ ಅದೇ ಗಾರೆಯಂತೆ ಎಲ್ಲವನ್ನೂ ಹಿಡಿದಿಟ್ಟಿರುತ್ತದೆ. ಕರಗತೊಡಗಿದರೆ ಏರಿಯ ನೆತ್ತಿ ಕುಸಿದು ನೀರಿಗೂ ನೆತ್ತಿಗೂ ನಡುವಿನ ಅಂತರ ಕಡಿಮೆಯಾಗುತ್ತದೆ, ಒಳಗೆ ಪೊಳ್ಳುಗಳು ಹುಟ್ಟುತ್ತವೆ, ನೀರು ಅವುಗಳಲ್ಲಿ ದಾರಿ ಹುಡುಕುತ್ತದೆ. ಮೇಲೆ ನಿಂತು ನೋಡಿದವನಿಗೆ ಬರೀ ಕಲ್ಲುರಾಶಿ.

ಒಳಗನ್ನು ನೋಡಲು ನಾವು ಕರೆಂಟ್ ಹಾಯಿಸುತ್ತೇವೆ. ಮೊಳದುದ್ದದ ಉಕ್ಕಿನ ಸರಳುಗಳನ್ನು ಐದೈದು ಮೀಟರ್ ಅಂತರದಲ್ಲಿ ಸಾಲಾಗಿ ನೆಟ್ಟು, ಎಲ್ಲವನ್ನೂ ಒಂದೇ ಕೇಬಲ್‌ಗೆ ಜೋಡಿಸುತ್ತೇವೆ. ಯಂತ್ರ ಒಂದು ಸಲಕ್ಕೆ ನಾಲ್ಕು ಸರಳು ಆರಿಸಿಕೊಂಡು, ಎರಡರಿಂದ ಕರೆಂಟ್ ಕೊಟ್ಟು, ಇನ್ನೆರಡರ ನಡುವಿನ ವೋಲ್ಟೇಜ್ ಅಳೆಯುತ್ತದೆ. ಅಂಥ ನೂರಾರು ಅಳತೆ ಸೇರಿ ಏರಿಯ ಅಡ್ಡಸೀಳಿನ ಚಿತ್ರವಾಗುತ್ತದೆ. ನೀರು ತುಂಬಿದ ಮಣ್ಣಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಮಂಜುಗಡ್ಡೆ ಅದನ್ನು ತಡೆಯುತ್ತದೆ. ಈ ತಡೆಯನ್ನು ಓಮ್-ಮೀಟರ್‌ನಲ್ಲಿ ಅಳೆಯುತ್ತಾರೆ; ಮೊದಲನೆಯದರಲ್ಲಿ ಕೆಲವೇ ನೂರು ಬಂದರೆ ಎರಡನೆಯದರಲ್ಲಿ ಹತ್ತಾರು ಸಾವಿರ, ಒಮ್ಮೊಮ್ಮೆ ಲಕ್ಷವನ್ನೂ ದಾಟುತ್ತದೆ.

ಹೇಳುವುದಕ್ಕೆ ಇಷ್ಟು ಸುಲಭ. ಅಲ್ಲಿ ಸರಳು ನೆಡಲು ಮಣ್ಣೇ ಸಿಗುವುದಿಲ್ಲ. ಸುತ್ತಿಗೆಯ ಪೆಟ್ಟಿಗೆ ಸರಳು ಠಣ್ ಎಂದು ಹಿಂದಕ್ಕೆ ಪುಟಿಯುತ್ತದೆ. ಎರಡು ಬಂಡೆಗಳ ಸಂದಿನಲ್ಲಿ ಕೈತೂರಿಸಿ, ಬೆರಳ ತುದಿಗೆ ಹಸಿ ಪುಡಿ ತಾಗಿದ ಕಡೆ ಉಪ್ಪುನೀರಿನಲ್ಲಿ ನೆನೆಸಿದ ಸ್ಪಂಜು ಇಟ್ಟು, ಅದರ ಮೇಲೆ ಸರಳನ್ನು ಒತ್ತಿ ಕಲ್ಲು ಹೇರುತ್ತಿದ್ದೆವು. 48 ಸರಳುಗಳ ಒಂದು ಸಾಲಿಗೆ ಅರ್ಧ ದಿನ ಹಿಡಿಯುತ್ತಿತ್ತು. ಯಂತ್ರ 'ಸಂಪರ್ಕ ಸಾಲದು' ಎಂದು ತೋರಿಸಿದ ಸರಳಿನ ಬಳಿಗೆ ಮತ್ತೆ ಬಂಡೆ ಹತ್ತಿ ಇಳಿದು ಹೋಗಿ ನೀರು ಸುರಿಯಬೇಕು. ಆ ಎತ್ತರದಲ್ಲಿ ಇಪ್ಪತ್ತು ಹೆಜ್ಜೆಗೇ ಏದುಸಿರು.

ಅಷ್ಟು ಪಾಡುಪಟ್ಟ ಮೇಲೂ ನಾವು ತಪ್ಪು ಮಾಡುವುದರಲ್ಲಿದ್ದೆವು. ಒಂದು ಸಾಲಿನಲ್ಲಿ, ನೆತ್ತಿಯಿಂದ ಕೆಳಗೆ, ಪ್ರತಿರೋಧ ವಿಪರೀತ ಹೆಚ್ಚಿದ್ದ ಒಂದು ಭಾಗ ಕಂಡಿತು. ಹೂತ ಮಂಜುಗಡ್ಡೆಯೆಂದೇ ಎಲ್ಲರೂ ತೀರ್ಮಾನಿಸಿದೆವು, ಕರಡು ವರದಿಯಲ್ಲೂ ಹಾಗೇ ಬರೆದಾಯಿತು. ತಂಡದ ಹಿರಿಯರೊಬ್ಬರು ಮಾತ್ರ ಒಪ್ಪಲಿಲ್ಲ. ಅದೇ ಸಾಲಿನ ಮೇಲೆ ನೆಲದ ಕಂಪನ ಹಿಡಿಯುವ ಜಿಯೋಫೋನ್ ಜೋಡಿಸಿ, ಉಕ್ಕಿನ ತಟ್ಟೆಯ ಮೇಲೆ ದೊಡ್ಡ ಸುತ್ತಿಗೆಯಿಂದ ಹೊಡೆಸಿದರು. ಮಂಜುಗಡ್ಡೆಯಾಗಿದ್ದರೆ ಕಂಪನ ಸೆಕೆಂಡಿಗೆ ಸುಮಾರು 3,500 ಮೀಟರ್ ವೇಗದಲ್ಲಿ ಓಡಬೇಕಿತ್ತು. ಅದು ಸಾವಿರವನ್ನೂ ಮುಟ್ಟಲಿಲ್ಲ. ಒಳಗಿದ್ದದ್ದು ಒಣ ಬಂಡೆಗಳ ರಾಶಿ, ಸಂದಿಗಳ ತುಂಬ ಗಾಳಿ. ಗಾಳಿಯೂ ಕರೆಂಟ್ ಬಿಡುವುದಿಲ್ಲ, ಮಂಜುಗಡ್ಡೆಯೂ ಬಿಡುವುದಿಲ್ಲ. ಬಣ್ಣದ ಚಿತ್ರದಲ್ಲಿ ಎರಡೂ ಒಂದೇ ಕೆಂಪು. ಆದರೆ ಮಂಜುಗಡ್ಡೆಯ ಏರಿಗೂ ಪೊಳ್ಳು ಕಲ್ಲಿನ ಏರಿಗೂ ಬೇಕಾದ ಚಿಕಿತ್ಸೆ ಪೂರ್ತಿ ಬೇರೆ. ಆ ಹಿರಿಯರು ಅಂದು ಹಟ ಹಿಡಿಯದಿದ್ದರೆ ಆ ಕರಡೇ ಅಂತಿಮ ವರದಿಯಾಗುತ್ತಿತ್ತು. ಒಂದೇ ವಿಧಾನದ ಸರ್ವೆಯನ್ನು ಅಂದಿನಿಂದ ನಾನು ನಂಬುವುದಿಲ್ಲ.

ಏರಿಯೊಳಗೆ ನೀರು ಜಿನುಗುವ ದಾರಿಯನ್ನು ಹಿಡಿಯಲು ಇನ್ನೊಂದು ವಿಧಾನವಿದೆ. ಕಲ್ಲುಮಣ್ಣಿನ ಸಂದಿಗಳಲ್ಲಿ ಹರಿಯುವ ನೀರು ತಾನೇ ಕೆಲವು ಮಿಲಿವೋಲ್ಟ್‌ಗಳಷ್ಟು ವಿದ್ಯುತ್ ಹುಟ್ಟಿಸುತ್ತದೆ. ತಾಮ್ರದ ಸಲ್ಫೇಟ್ ದ್ರಾವಣ ತುಂಬಿದ ಪುಟ್ಟ ಕುಡಿಕೆಗಳನ್ನು ನೆಲಕ್ಕೆ ತಾಗಿಸಿ ಅದನ್ನು ಅಳೆಯುತ್ತಾರೆ. ನೆಲದೊಳಗೆ ಇಣುಕುವ ರಡಾರ್ ಮಂಜುಗಡ್ಡೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ದೊಡ್ಡ ಬಂಡೆಗಳ ನಡುವೆ ಅಲೆಗಳು ಚದುರಿಹೋಗುತ್ತವೆ.

ಇದೇನೂ ಹೊಸ ವಿದ್ಯೆಯಲ್ಲ. ನೇಪಾಳದ ಥುಲಾಗಿ ಸರೋವರದ ಏರಿಯನ್ನು ಹೀಗೆ ವಿದ್ಯುತ್ತಿನಿಂದ ಪರೀಕ್ಷಿಸಿದ ಕೆಲಸದ ಬಗ್ಗೆ 2000ದಲ್ಲೇ ಲೇಖನ ಪ್ರಕಟವಾಗಿದೆ. ಅದೇ ದೇಶದ ಇಮ್ಜಾ ಸರೋವರದ ಕೋಡಿಯನ್ನು ತಗ್ಗಿಸಿ 2016ರಲ್ಲಿ ನೀರಿನ ಮಟ್ಟವನ್ನು 3 ಮೀಟರಿಗೂ ಹೆಚ್ಚು ಇಳಿಸಿದರು. ಮಂಜುಗಡ್ಡೆ ಹೂತಿರುವ ಜಾಗದಲ್ಲಿ ಗೊತ್ತಿಲ್ಲದೆ ಕಾಲುವೆ ತೋಡಿದರೆ, ತಡೆಯಲು ಹೊರಟ ಅನಾಹುತವನ್ನು ನಾವೇ ಕರೆದಂತೆ. ಆದ್ದರಿಂದಲೇ ಗುದ್ದಲಿ ಹಾಕುವ ಮೊದಲು ಸರ್ವೆ ಬೇಕು.

ಇನ್ನು ಸಿಕ್ಕಿಮ್‌ನ ದಕ್ಷಿಣ ಲೋನಾಕ್ ಸರೋವರ. ಅಲ್ಲಿ ಪೈಪ್ ಹಾಕಿ ನೀರು ಇಳಿಸುವ ಪ್ರಯತ್ನ 2016ರಲ್ಲೇ ನಡೆದಿತ್ತು. 2023ರ ಅಕ್ಟೋಬರ್ 3ರ ರಾತ್ರಿ ಮೊದಲು ಜಾರಿದ್ದು ಎದುರಿನ ಏರಿಯಲ್ಲ, ಸರೋವರದ ಪಕ್ಕದ ಗೋಡೆ. ಹೆಪ್ಪುಗಟ್ಟಿದ್ದ ಮೊರೇನ್ ಇಳಿಜಾರಿನ ಸುಮಾರು 1.47 ಕೋಟಿ ಘನ ಮೀಟರ್ ಕಲ್ಲುಮಣ್ಣು ನೀರಿಗೆ ಬಿತ್ತೆಂದು ನಂತರದ ಅಧ್ಯಯನ ಲೆಕ್ಕ ಹಾಕಿದೆ. ಎದ್ದ ಅಲೆ ಎದುರಿನ ಏರಿಯನ್ನು ಹಾರಿ, ಕೊರೆದು ಸೀಳಿತು. ಸುಮಾರು 5 ಕೋಟಿ ಘನ ಮೀಟರ್ ನೀರು ತೀಸ್ತಾ ಕಣಿವೆಗೆ ನುಗ್ಗಿತು. ಕೆಳಗಿನ ಚುಂಗ್‌ಥಾಂಗ್ ಊರಿನಲ್ಲಿ 1,200 ಮೆಗಾವಾಟ್ ಜಲವಿದ್ಯುತ್ ಯೋಜನೆಯ ಅಣೆಕಟ್ಟು ಕೊಚ್ಚಿಹೋಯಿತು. ಎಷ್ಟೋ ಮನೆಗಳಿಗೆ ತಮ್ಮವರ ದೇಹವೂ ಸಿಗಲಿಲ್ಲ.

ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ನಮ್ಮದೇ ಸರ್ವೆ. ನಾವು ಎಳೆದ ಸಾಲುಗಳೆಲ್ಲ ಎದುರಿನ ಏರಿಯ ಮೇಲಿದ್ದವು. ಪಕ್ಕದ ಗೋಡೆಗಳ ಮೇಲೆ ಒಂದೂ ಇರಲಿಲ್ಲ. ಕಡಿದಾದ ಜಾಗ, ಕಲ್ಲು ಉರುಳುತ್ತವೆ, ಜನರನ್ನು ಹತ್ತಿಸುವಂತಿರಲಿಲ್ಲ, ನಿಜ. ಆದರೆ ವರದಿಯಲ್ಲಿ 'ಇಲ್ಲಿ ನೋಡಿಲ್ಲ' ಎಂಬ ಒಂದು ಸಾಲನ್ನಾದರೂ ಬರೆಯಬಹುದಿತ್ತು. ನಾವು ಬರೆಯಲಿಲ್ಲ. ಅದು ಇವತ್ತಿಗೂ ಮನಸ್ಸನ್ನು ಕೊರೆಯುತ್ತದೆ.

ಹಿಮಾಚಲ, ಉತ್ತರಾಖಂಡ, ಸಿಕ್ಕಿಮ್, ಅರುಣಾಚಲಗಳಿಗಾಗಿ ಇಂಥ ಸರೋವರಗಳ ಅಪಾಯ ತಗ್ಗಿಸಲು ಕೇಂದ್ರ ಸರ್ಕಾರ 2024ರಲ್ಲಿ 150 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಸೈರನ್, ಕ್ಯಾಮೆರಾ, ಹವಾಮಾನ ಕೇಂದ್ರಗಳೆಲ್ಲ ಬೇಕೇ ಬೇಕು. ಆದರೆ ಸೈರನ್ ಕೂಗುವುದು ಏರಿ ಒಡೆದ ಮೇಲೆ. ಅತಿ ಅಪಾಯಕಾರಿ ಎನ್ನಲಾದ ಸರೋವರಗಳಲ್ಲಾದರೂ ಎದುರಿನ ಏರಿ, ಪಕ್ಕದ ಗೋಡೆ ಎರಡನ್ನೂ ಕನಿಷ್ಠ ಎರಡು ವಿಧಾನಗಳಿಂದ ಪರೀಕ್ಷಿಸಲಿ. ಕಾಲಿಡಲಾಗದ ಜಾಗವನ್ನು ನಕಾಶೆಯಲ್ಲಿ ಖಾಲಿ ಬಿಟ್ಟು, ಖಾಲಿಯೆಂದೇ ಬರೆಯಲಿ. ಅಳತೆಗಳು ಕಪಾಟಿನಲ್ಲಿ ಕೊಳೆಯದೆ ಕೆಳಗಿನ ಕಣಿವೆಯ ಜನರಿಗೂ ವಿದ್ಯುತ್ ಯೋಜನೆಗಳವರಿಗೂ ಸಿಗಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಕೆಲವು ವರ್ಷಗಳಿಗೊಮ್ಮೆ ಅದೇ ಸಾಲಿಗೆ ಮರಳಿ ಹೋಗಲಿ. ಮಂಜುಗಡ್ಡೆ ಕರಗುತ್ತಿದೆಯೇ, ಜಿನುಗು ಹೆಚ್ಚಿದೆಯೇ ಎಂಬುದು ಒಂದೇ ಸರ್ವೆಯಿಂದ ತಿಳಿಯದು. ಎರಡನೆಯದನ್ನು ಮೊದಲನೆಯದರ ಪಕ್ಕದಲ್ಲಿಟ್ಟು ನೋಡಬೇಕು. ನಾವು ಸಾಲಿನ ಎರಡೂ ತುದಿಯ ಬಂಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಸಂಖ್ಯೆ ಬರೆದು ಬಂದಿದ್ದೆವು. ನಾನು ನಿವೃತ್ತನಾಗುವವರೆಗೂ ಆ ಗುರುತು ಹುಡುಕಿಕೊಂಡು ಮತ್ತೊಂದು ತಂಡ ಹೋಗಲಿಲ್ಲ. ಬಿಸಿಲು, ಹಿಮಕ್ಕೆ ಬಣ್ಣ ಮಾಸಿರಬಹುದು. ಆದರೆ ಎರಡೂ ತುದಿಗಳ ಅಕ್ಷಾಂಶ, ರೇಖಾಂಶ ವರದಿಯ ಕೊನೆಯ ಪುಟದಲ್ಲಿವೆ.

ಇಂತಿ,
ನಿವೃತ್ತ ಭೂಭೌತ ಸರ್ವೆ ತಂತ್ರಜ್ಞ