ಹಳೆಯ ಪಿಕಪ್ಪಿನ ರಿಮ್ಮು, ಸುಮಳ ಮದುವೆ

ಟ್ರಾಯ್, ಮಿಷಿಗನ್

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ನೀವೂ ಅಮ್ಮನೂ ಅಜ್ಜಿಯೂ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಪತ್ರ ತಲುಪಿತು. ನಾನು ಹಳೆಯ ಪಿಕಪ್ಪಿಗೆ ಹೊಸ ರಿಮ್ಮು, ಟೈರು ಹಾಕಿಸುತ್ತಿರುವ ವಿಷಯ ರವಿಯಿಂದ ಶಿವಣ್ಣ ಮಾವನಿಗೆ, ಮಾವನಿಂದ ಹಾಸನದ ಗಂಡಿನ ಕಡೆಯವರಿಗೆ ಮುಟ್ಟುವಷ್ಟರಲ್ಲಿ, ನನಗೆ ಕೆಲಸ ಹೋಗಿ ಲಾರಿ ಓಡಿಸಿಕೊಂಡಿದ್ದೇನೆ ಎಂಬಲ್ಲಿಗೆ ಬಂದು ನಿಂತಿದೆ. ಕಡ್ಡಿಯನ್ನು ಗುಡ್ಡ ಮಾಡುವುದೆಂದರೆ ಇದೇ. ಕೆಲಸಕ್ಕೆ ಏನೂ ಆಗಿಲ್ಲ. ಸುಮಳ ಮದುವೆಗೆಂದು ಒಪ್ಪಿಕೊಂಡ ಹಣ ಬೇರೆಯೇ ಖಾತೆಯಲ್ಲಿದೆ; ಅದರಲ್ಲಿ ಒಂದು ಕಾಸನ್ನೂ ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ.

"ಓಡುವ ಟೈರನ್ನು ಬಿಸಾಡುವಷ್ಟು ಕೊಬ್ಬೇ" ಎಂದು ಕೇಳಿದ್ದೀರಿ. ತಿಪಟೂರಿನಿಂದ ಕೊಬ್ಬರಿ ಲಾರಿ ಕಳಿಸುತ್ತಿದ್ದ ನಿಮಗೆ ಉತ್ತರ ಕೊಡುವಾಗ ಸುಮ್ಮನೆ ಮಾತು ಹಾರಿಸಲಾಗದು, ಆದ್ದರಿಂದ ವಿವರವಾಗಿಯೇ ಬರೆಯುತ್ತೇನೆ. ಗಾಡಿ 1972ರ ಶೆವ್ರೊಲೆ ಸಿ10. ಅದರೊಂದಿಗೆ ಬಂದ ಟೈರುಗಳ ಮೇಲಿನ ಕಚ್ಚು ಇನ್ನೂ ಆಳವಾಗಿಯೇ ಇತ್ತು, ಆದರೆ ಮಗ್ಗುಲಲ್ಲಿ ಉಗುರು ತೂರುವಷ್ಟು ಬಿರುಕು. ತಯಾರಿಯ ಗುರುತಿನ ಕೊನೆಯಲ್ಲಿ 418 ಎಂಬ ಮೂರೇ ಅಂಕಿಗಳಿದ್ದವು. 2000ದಿಂದ ಈಚಿನ ಟೈರಿಗಾದರೆ ವಾರಕ್ಕೆ ಎರಡು, ವರ್ಷಕ್ಕೆ ಎರಡು ಎಂದು ನಾಲ್ಕು ಅಂಕಿ ಇರುತ್ತವೆ. ಮೂರಿದೆ ಎಂದರೆ ಅದು ಹಿಂದಿನ ಶತಮಾನದ ಮಾಲು. ಅಂಥ ಟೈರಿನ ಮೇಲೆ ನಿಮ್ಮ ಸೊಸೆಯನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗು ಎಂದು ನೀವೇ ಹೇಳುವುದಿಲ್ಲ.

ಟೈರು ಬದಲಿಸುವಾಗ ರಿಮ್ಮೇಕೆ ಎಂಬುದು ನಿಮ್ಮ ಎರಡನೆಯ ಪ್ರಶ್ನೆ. ಹಳೆಯ ರಿಮ್ಮುಗಳು ಬೋಲ್ಟಿನ ತೂತುಗಳ ಬಳಿ ತುಕ್ಕು ಹಿಡಿದಿದ್ದವು. ಇಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಕಬ್ಬಿಣ ಉಳಿಯುವುದೇ ದೊಡ್ಡದು. ಹೊಸದನ್ನು ಹುಡುಕುವುದೂ ಅಷ್ಟು ಸುಲಭವಲ್ಲ. 1967ರಿಂದ 72ರವರೆಗಿನ ಪಿಕಪ್ಪುಗಳೆಲ್ಲ ನೋಡಲು ಒಂದೇ ಮನೆಯ ಮಕ್ಕಳಂತಿದ್ದರೂ, 1970ರವರೆಗಿನ ಸಿ10ಕ್ಕೆ ಐದೂವರೆ ಇಂಚಿನ ವೃತ್ತದಲ್ಲಿ ಆರು ಬೋಲ್ಟು, 1971ರಿಂದ ಮುಂದೆ ಡಿಸ್ಕ್ ಬ್ರೇಕ್ ಬಂದ ಮೇಲೆ 5 ಇಂಚಿನ ವೃತ್ತದಲ್ಲಿ ಐದು ಬೋಲ್ಟು. "67-72ಕ್ಕೆ ಹೊಂದುತ್ತದೆ" ಎಂದು ಒಟ್ಟಿಗೆ ಬರೆದು ಮಾರುವವರಿದ್ದಾರೆ, ಅದನ್ನು ನಂಬಬಾರದು. ಬೋಲ್ಟು ಐದಿರುವಾಗ ಎದುರುಬದುರು ಅಳೆಯಲಾಗುವುದಿಲ್ಲವಾದ್ದರಿಂದ, ಒಂದರ ಹೊರಅಂಚಿನಿಂದ ನಡುವೆ ಒಂದನ್ನು ಬಿಟ್ಟು ಮುಂದಿನದರ ಮಧ್ಯಕ್ಕೆ ಟೇಪು ಹಿಡಿದೆ. ಹೆಚ್ಚುಕಡಿಮೆ 5 ಇಂಚು ಬಂತು.

ಇಲ್ಲಿಯ ಗೆಳೆಯರೆಲ್ಲ 20 ಇಂಚಿನ ಅಲ್ಯೂಮಿನಿಯಂ ರಿಮ್ಮನ್ನೇ ಹಾಕು ಎಂದರು. ನಾನು 15 ಇಂಚಿನ, 7 ಇಂಚು ಅಗಲದ ಉಕ್ಕಿನ ರಿಮ್ಮನ್ನೇ ಆರಿಸಿದ್ದು ಜಿಪುಣತನದಿಂದಲ್ಲ, ನಿಮ್ಮ ಪತ್ರಕ್ಕೆ ಹೆದರಿಯೂ ಅಲ್ಲ. 235/75ಆರ್15 ಟೈರಿನ (ಅಗಲ 235 ಮಿಲಿಮೀಟರ್, ಮಗ್ಗುಲಿನ ಎತ್ತರ ಅದರ ನೂರಕ್ಕೆ 75, ರಿಮ್ಮು 15 ಇಂಚು ಎಂದರ್ಥ) ಒಟ್ಟು ಎತ್ತರ ಸುಮಾರು 733 ಮಿಲಿಮೀಟರ್. ಗೆಳೆಯರು ಹೇಳಿದ 255/45ಆರ್20ರದು 737. ಹೊರಗಿನ ಎತ್ತರದಲ್ಲಿ ವ್ಯತ್ಯಾಸವೇ ಇಲ್ಲ, ಸ್ಪೀಡೋಮೀಟರಿಗೂ ಎರಡೂ ಒಂದೇ. ಆದರೆ ನನ್ನದರಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ 176 ಮಿಲಿಮೀಟರ್ ರಬ್ಬರು, ಅವರದರಲ್ಲಿ ಬರೀ 115. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಇಲ್ಲಿಯ ರಸ್ತೆಗಳಲ್ಲಿ ಬೀಳುವ ಗುಂಡಿಗಳನ್ನು ನೋಡಿದರೆ ನಮ್ಮೂರಿನವರು ಸಮಾಧಾನಪಟ್ಟುಕೊಳ್ಳಬಹುದು. ಅಂಥ ಗುಂಡಿಗೆ ಇಳಿದಾಗ ತೆಳ್ಳನೆಯ ಟೈರು ಏಟನ್ನು ನೇರವಾಗಿ ರಿಮ್ಮಿಗೇ ದಾಟಿಸುತ್ತದೆ. ಅಲ್ಲದೆ, ದೊಡ್ಡ ರಿಮ್ಮು ಹಾಕಿದ ಹಳೆಯ ಪಿಕಪ್ಪು ನನ್ನ ಕಣ್ಣಿಗಂತೂ ಸೊಗಸಾಗಿ ಕಾಣುವುದಿಲ್ಲ.

ರಿಮ್ಮಿನ ಹಿಂದಿನ ಅಂಚಿನಿಂದ ಅದು ಅಚ್ಚಿನ ತುದಿಯ ಹಬ್ (hub) ಮೇಲೆ ಕೂರುವ ಮುಖದವರೆಗೆ 4 ಇಂಚು ಇರುವುದನ್ನೇ ನೋಡಿ ತೆಗೆದುಕೊಂಡಿದ್ದೇನೆ. ಅಂಚುಗಳೂ ಸೇರಿ ರಿಮ್ಮಿನ ಅಗಲ 8 ಇಂಚಾಗುವುದರಿಂದ ಭಾರ ಸರಿಯಾಗಿ ನಡುಮಧ್ಯಕ್ಕೆ ಬೀಳುತ್ತದೆ. ಗಾಲಿ ಹೊರಚಾಚಲೆಂದು ಈ ಅಳತೆಯನ್ನು ಕಡಿಮೆ ಮಾಡುವವರ ಬೇರಿಂಗಿನ ಗತಿ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಹಿಂದೆ ಅಗಲ, ಮುಂದೆ ಕಿರಿದು ಹಾಕುವ ಶೋಕಿಯೂ ಇಲ್ಲಿದೆ, ಆದರೆ ನಾಲ್ಕೂ ಒಂದೇ ಅಳತೆಯಾದರೆ ಅದಲುಬದಲು ಮಾಡಬಹುದು, ಒಂದೇ ಸ್ಟೆಪ್ನಿ ಸಾಕು. ಇದು ನಿಮ್ಮಿಂದಲೇ ಕಲಿತದ್ದು. ಟೈರಿನ ಮೇಲೆ ಭಾರದ ಗುರುತು 105 ಎಂದಿದೆ, ಅಂದರೆ 925 ಕಿಲೋ. ಕಾರಿನ ವರ್ಗದ ಟೈರನ್ನು ಟ್ರಕ್ಕಿಗೆ ಹಾಕಿದಾಗ ಇಲ್ಲಿಯ ನಿಯಮದಂತೆ ಅದನ್ನು 1.10ರಿಂದ ಭಾಗಿಸಬೇಕು, ಹಾಗೆ ಮಾಡಿದರೂ ಒಂದೊಂದಕ್ಕೆ 840 ಕಿಲೋ ಉಳಿಯುತ್ತದೆ. ನಾನು ಹೇರುವುದು ಹೆಚ್ಚೆಂದರೆ ನಾಲ್ಕು ಹಲಗೆ, ಒಂದಿಷ್ಟು ಗೊಬ್ಬರದ ಚೀಲ. ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡುತ್ತೇನೆ, ಚಿಂತೆ ಬೇಡ.

ಆರ್‌ಟಿಒದವರು ಹಿಡಿಯುವುದಿಲ್ಲವೇ ಎಂದು ಅಮ್ಮ ಕೇಳಿದಳಂತೆ. ತಯಾರಕರ ನಮೂನೆಯಿಂದ ಗಾಡಿಯನ್ನು ಬದಲಿಸಬಾರದೆಂದು ನಮ್ಮ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದ್ದು ನನಗೂ ಗೊತ್ತು. ಮಿಷಿಗನ್ನಿನಲ್ಲಿ ಸ್ವಂತ ಗಾಡಿಗಳಿಗೆ ವರ್ಷದ ತಪಾಸಣೆಯೇ ಇಲ್ಲ. ಇಷ್ಟೇ ಅಲ್ಲ, ಆಗಸ್ಟಿನಲ್ಲಿ ವುಡ್‌ವರ್ಡ್ ಅವೆನ್ಯೂ ಎಂಬ ರಸ್ತೆಯಲ್ಲಿ ಇಂಥ ಹಳೆಯ ಗಾಡಿಗಳು ಸಾಲಾಗಿ ಹೋಗುತ್ತವೆ, ಜನ ಮನೆಯಿಂದ ಮಡಚುವ ಕುರ್ಚಿ ತಂದು ಪಕ್ಕದಲ್ಲಿ ಕುಳಿತು ನೋಡುತ್ತಾರೆ. 1995ರಿಂದ ಇದು ನಡೆಯುತ್ತಿದೆ. ನಗುವುದಾದರೆ ನಗಿ, ನಮ್ಮಲ್ಲಿ ತೇರು ನೋಡಲು ನಿಲ್ಲುವುದಿಲ್ಲವೇ? ಹಾಸನದವರು ಮತ್ತೆ ಕೇಳಿದರೆ, ನಿಮ್ಮ ಮಗನ ಗಾಡಿಯನ್ನು ನೋಡಲು ಜನ ಕಾದು ಕೂರುತ್ತಾರೆಂದು ಧಾರಾಳವಾಗಿ ಹೇಳಿ.

ಒಟ್ಟು ಖರ್ಚು ಸಾವಿರದ ಆರುನೂರು ಡಾಲರು. ದಯವಿಟ್ಟು ರೂಪಾಯಿಗೆ ಗುಣಿಸಬೇಡಿ. ಇದು ನನ್ನ ಕೈಖರ್ಚಿನಲ್ಲಿ ಉಳಿಸಿದ್ದು, ಸಾಲ ಮಾಡಿಲ್ಲ, ಕಂತು ಇಲ್ಲ, ಮನೆಯವಳಿಗೂ ಗೊತ್ತು. ಮಂಟಪದ ಮುಂಗಡ ಈ ವಾರವೇ ಕಳಿಸುತ್ತೇನೆ; ಒಡವೆಯ ಹಣ ನೀವು ಹೇಳಿದ ತಿಂಗಳಿಗಿಂತ ಮೊದಲೇ ಬರುತ್ತದೆ. ಸುಮಳಿಗೂ ಇದನ್ನೇ ಹೇಳಿ, ಅವಳು ಅಳುವುದು ಬೇಡ. ಶಿವಣ್ಣ ಮಾವನಿಗೆ ಮಾತ್ರ ಈ ಮೊತ್ತ ಹೇಳಬೇಡಿ.

ಟೈರು ಕೂರಿಸುವ ಅಂಗಡಿ ಮುಚ್ಚುವ ಹೊತ್ತಾಯಿತು, ಹೊರಡುತ್ತೇನೆ. ಎಲ್ಲರಿಗೂ ನಮಸ್ಕಾರ.

ನಿಮ್ಮ ಮಗ,
ಮಂಜು